ಏಳನೆಯ ಮಂಚದ ಮೇಲೆ ಡಾಕ್ಟರಮ್ಮ

ಒಂದೇ ಕಟ್ಟಡದ ಎರಡನೆಯ ಮಹಡಿಯಲ್ಲಿ, ಒಂದೇ ಬೆಳಿಗ್ಗೆ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕೆಲಸಗಳು ನಡೆಯುತ್ತಿದ್ದವು. ಎರಡಕ್ಕೂ ನಂಬರಿನ ಚೀಟಿ ಹಂಚಲಾಗಿತ್ತು. ಈ ಸಂಗತಿಯನ್ನು ಹೇಳುವವರೆಲ್ಲ ಅಲ್ಲಿಂದಲೇ ಆರಂಭಿಸುತ್ತಾರೆ. ಚೀಟಿ ಹಳದಿಯೆಂದು ಕೆಲವರು, ಗುಲಾಬಿಯೆಂದು ಕೆಲವರು. ಎರಡು ಕಡೆಯವೂ ಒಂದೇ ಬಣ್ಣದವಾಗಿದ್ದವು ಎಂಬಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ಪಡಸಾಲೆಯ ಎಡಗಡೆಯ ದೊಡ್ಡ ವಾರ್ಡಿನಲ್ಲಿ ವೈದ್ಯರ ಉನ್ನತ ಪದವಿಯ ಪರೀಕ್ಷೆ. ಅಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಬ್ಬೊಬ್ಬ ರೋಗಿಯನ್ನು ಒಪ್ಪಿಸಲಾಗುತ್ತದೆ. ಅಭ್ಯರ್ಥಿಯು ಒಂದು ಗಂಟೆಯೊಳಗೆ ಕೇಳಿ, ಮುಟ್ಟಿ, ತಟ್ಟಿ ನೋಡಿ ರೋಗವನ್ನು ತಾನೇ ಪತ್ತೆಹಚ್ಚಿ ಪರೀಕ್ಷಕರ ಮುಂದೆ ವಾದಿಸಬೇಕು. ರೋಗಿಯಾದವನು ಕೇಳಿದ್ದಕ್ಕೆಲ್ಲ ಉತ್ತರ ಕೊಡಬಹುದು. ರೋಗದ ಹೆಸರನ್ನು ಮಾತ್ರ ಸತ್ತರೂ ಹೇಳಕೂಡದು. ಪಡಸಾಲೆಯ ಬಲತುದಿಯ ಕೋಣೆಯಲ್ಲಿ ಅರ್ಹತಾ ಮಂಡಳಿ. ಅಂಗವೈಕಲ್ಯವಿರುವವರು ಗೆದ್ದುಕೊಂಡ ಸೀಟಿನ ಕೆಲಸವನ್ನು ಅವರ ದೇಹ ತಾಳಿಕೊಳ್ಳಬಲ್ಲದೇ ಎಂದು ನೋಡಿ ಸಹಿ ಹಾಕುವವರು ಇವರು.

ಡಾಕ್ಟರಮ್ಮ ಬಂದದ್ದು ಈ ಎರಡನೆಯದಕ್ಕೆ. ಇಪ್ಪತ್ತಾರರ ಪ್ರಾಯ. ಎಡಗಾಲು ಮಂಡಿಯ ಕೆಳಗೆ ಕಡ್ಡಿಯಂತೆ ಸೊರಗಿತ್ತು; ಅದಕ್ಕೆ ಎರಡು ಬದಿಯಲ್ಲೂ ಉಕ್ಕಿನ ಸರಳಿದ್ದ ಕ್ಯಾಲಿಪರ್ ಕಟ್ಟಿ ನಡೆಯುತ್ತಿದ್ದಳು. ನಡೆದಾಗ ಬರುವ ಟಕ್ ಟಕ್ ಸದ್ದಿಗೆ ಸಹಪಾಠಿಗಳು ಅವಳಿಗೆ 'ಗಡಿಯಾರ' ಎಂದು ಅಡ್ಡಹೆಸರಿಟ್ಟಿದ್ದರು. ಅವಳು ಒಂದು ದಿನವೂ ತಡವಾಗಿ ಬಾರದವಳಾದ್ದರಿಂದ ಆ ಹೆಸರು ಮತ್ತಷ್ಟು ಗಟ್ಟಿಯಾಯಿತು. ಅವಳಿಗೆ ಸಿಕ್ಕಿದ್ದು ಶಸ್ತ್ರಚಿಕಿತ್ಸೆಯ ಸೀಟು. ಅದಕ್ಕಾಗಿ ಎರಡು ವರ್ಷ ಅಡುಗೆಮನೆಯ ಕಟ್ಟೆಯ ಮುಂದೆ ದಿನಕ್ಕೆ ನಾಲ್ಕು ಗಂಟೆ ನಿಂತು, ದಿಂಬಿನ ಹೊಲಿಗೆ ಬಿಚ್ಚಿ ಪುನಃ ಹೊಲಿದಿದ್ದಳು. ಮನೆಯಲ್ಲಿ ಒಂದು ದಿಂಬೂ ನೆಟ್ಟಗೆ ಉಳಿದಿರಲಿಲ್ಲ. ಅವಳನ್ನು ಆಪರೇಷನ್ ಥಿಯೇಟರಿನಲ್ಲಿ ಪಕ್ಕಕ್ಕೆ ನಿಲ್ಲಿಸಿಕೊಂಡಿದ್ದ ಹಿರಿಯ ಸರ್ಜನ್, "ಇವಳ ಕೈ ನೋಡ್ರಯ್ಯಾ, ಕಾಲು ನೋಡ್ಬೇಡಿ" ಎಂದು ಎಲ್ಲರೆದುರು ಅಂದದ್ದುಂಟು.

ಅವಳ ಕಡತದಲ್ಲಿ ಬರೆದಿದ್ದುದು ಇಷ್ಟೇ: ಮೂರನೆಯ ವಯಸ್ಸಿನಲ್ಲಿ ಜ್ವರ, ಆ ಬಳಿಕ ಪೋಲಿಯೋ, ಸ್ಥಿತಿ ಸ್ಥಿರ. ಆ 'ಸ್ಥಿರ' ಎಂಬ ಪದದ ಮೇಲೆಯೇ ಅವಳ ಇಡೀ ಬದುಕು ನಿಂತಿತ್ತು. ಹೋದದ್ದು ಹೋಗಿ, ಉಳಿದದ್ದು ಉಳಿದಿದ್ದರೆ ಮಂಡಳಿ ಸಹಿ ಹಾಕುತ್ತದೆ. ಏರುತ್ತಿರುವ ರೋಗವಾದರೆ ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲು ಮುಚ್ಚಿದಂತೆಯೇ ಸರಿ. ಬಾಲ್ಯದ ವಿವರ ಬಲ್ಲವರೊಬ್ಬರು ಜೊತೆಗಿರಬೇಕೆಂದು ನೋಟೀಸಿನಲ್ಲಿದ್ದುದರಿಂದ ತಾಯಿಯೂ ಬಂದಿದ್ದಳು. ಕೈಯಲ್ಲಿ ಏಳನೆಯ ನಂಬರಿನ ಚೀಟಿ.

ಆ ದಿನವೇ ಬೇರೆ ವಾರ್ಡಿನಿಂದ ಬಂದಿದ್ದ ಮೀಸೆಯ ಅಟೆಂಡರ್ ಪಡಸಾಲೆಯಲ್ಲಿ ಕೂಗಿದ. "ಏಳನೇ ನಂಬರ್! ಏಳು ಯಾರ್ರೀ?"

"ನಾವೇ ಕಣಪ್ಪಾ" ಎಂದಳು ತಾಯಿ.

"ಎಲ್ಲಿ ಹೋಗಿದ್ರಿ? ಮಂಚ ಖಾಲಿ ಬಿಟ್ಟು ಊರು ಸುತ್ತಿದ್ರೆ ಬೈಸ್ಕೊಳ್ಳೋನು ನಾನು." ಅವನ ಕಣ್ಣು ಕ್ಯಾಲಿಪರಿನ ಮೇಲೆ ಬಿತ್ತು, ಇನ್ನು ಕೇಳುವುದೇನೂ ಉಳಿಯಲಿಲ್ಲ. ನಡೆಸಿಕೊಂಡು ಹೋಗಿ ಪರದೆ ಸರಿಸಿ ಮಂಚ ತೋರಿಸಿದ. "ಗೌನ್ ಹಾಕ್ಕೊಂಡು ಮಲಗಿ. ಕೇಳಿದ್ದಕ್ಕಷ್ಟೇ ಉತ್ತರ. ಕಾಯಿಲೆ ಹೆಸರು ಬಾಯಿಗೆ ಬರಬಾರದು. ಹಿಂದೆ ಯಾವ ಡಾಕ್ಟ್ರು ಏನಂದ್ರು ಅನ್ನೋದೂ ಬೇಡ."

"ಅದ್ಯಾಕೆ?" ಎಂದಳು ಡಾಕ್ಟರಮ್ಮ.

"ಅವರೇ ಕಂಡುಹಿಡೀಬೇಕು. ನೀವೇ ಹೇಳಿಬಿಟ್ರೆ ಅವರಿಗ್ಯಾಕೆ ಕೋಟು?"

ಡಾಕ್ಟರಮ್ಮನಿಗೆ ಇದು ಮೆಚ್ಚುಗೆಯಾಯಿತು. ಹಳೆಯ ಕಾಗದವನ್ನು ನಂಬದೆ ಮಂಡಳಿಯು ತನ್ನ ಕಣ್ಣಿನಿಂದಲೇ ನೋಡುವುದಾದರೆ ಒಳ್ಳೆಯದೇ ಎಂದುಕೊಂಡಳು. ತಾಯಿಯ ಕಿವಿಯಲ್ಲಿ ಹೇಳಿದಳು: "ಅಮ್ಮಾ, ನಾನು ಡಾಕ್ಟರು ಅಂತ ನೀನು ಶುರು ಹಚ್ಕೋಬೇಡ. ವಶೀಲಿ ಅಂದ್ಕೋತಾರೆ."

"ಬೀದಿಯವರಿಗೆಲ್ಲಾ ಹೇಳಿ ಮುಗಿಸಿದ್ದೀನಲ್ಲ, ಇವತ್ತೊಂದಿನ ಬಾಯಿಗೆ ರಜ."

ಪರದೆಯೊಳಗೆ ಬಂದವನು ದಪ್ಪ ಕನ್ನಡಕದ ಒಬ್ಬ ಯುವಕ. ಬೆವರಿನಿಂದ ಕನ್ನಡಕ ಜಾರುತ್ತಿತ್ತು. ನಿಮಿಷಕ್ಕೊಮ್ಮೆ ಅದನ್ನು ಮೇಲಕ್ಕೆ ತಳ್ಳಿಕೊಳ್ಳುತ್ತಿದ್ದ. ಮಂಡಳಿಯ ಕಿರಿಯ ವೈದ್ಯನಿರಬೇಕು, ಪಾಪ, ಹೊಸಬ ಎಂದು ಡಾಕ್ಟರಮ್ಮ ಭಾವಿಸಿದಳು. ತನ್ನ ಐದು ವರ್ಷದ ಓದು ಈ ಒಂದು ಮಂಚದ ಮೇಲೆ ಮಲಗಿದೆಯೆಂದು ಅವನು ಭಾವಿಸಿದ. ಇಬ್ಬರನ್ನೂ ದೂರುವಂತಿಲ್ಲ.

"ಏನು ಕೆಲಸ ಮಾಡ್ತೀರಮ್ಮಾ?"

"ಆಸ್ಪತ್ರೇಲಿ."

"ಸಂತೋಷ. ನಿಂತುಕೊಂಡು ಮಾಡೋ ಕೆಲಸಾನಾ?" ಎಂದು ಬರೆದುಕೊಂಡ. ಆಮೇಲೆ ಅವನು ಕೇಳಿದ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಎಷ್ಟನೇ ತಿಂಗಳಲ್ಲಿ ಕೂತಳು, ಯಾವಾಗ ನಡೆದಳು, ಹಾಸಿಗೆ ಒದ್ದೆ ಮಾಡುವುದು ಯಾವ ವಯಸ್ಸಿಗೆ ನಿಂತಿತು. ತಾಯಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಮೂರನೆಯ ವರ್ಷದಲ್ಲಿ ಜ್ವರ ಬಂತು, ಮರುದಿನ ಕಾಲು ಬಿದ್ದುಹೋಯಿತು ಎಂಬ ಕಥೆಯನ್ನು ಪಾಠ ಒಪ್ಪಿಸಿದಂತೆ ಒಪ್ಪಿಸಿದಳು. ಅವನು ತಲೆಯಾಡಿಸಿ, ಏನನ್ನೋ ನೆನಪಿಸಿಕೊಂಡವನಂತೆ ಮಗಳತ್ತ ತಿರುಗಿದ.

"ಈಚೆಗೆ ಬಲಗಾಲಿನ ಚಪ್ಪಲಿ ನಿಮಗೆ ಗೊತ್ತಾಗದ ಹಾಗೆ ಕಳಚಿ ಬೀಳುತ್ತಾ?"

ಡಾಕ್ಟರಮ್ಮ ಬೆಚ್ಚಿದಳು. ಬೀಳುತ್ತಿತ್ತು. ನಾಲ್ಕು ತಿಂಗಳಿಂದ ಬೀಳುತ್ತಿತ್ತು. ಚಪ್ಪಲಿ ಹಳತಾಯಿತೆಂದು ಬೈದುಕೊಂಡು, ಲೇಸು ಕಟ್ಟುವ ಶೂ ಕೊಂಡು ಆ ವಿಷಯವನ್ನು ಅಲ್ಲಿಗೇ ಮುಗಿಸಿದ್ದಳು. ಬಲಗಾಲು ಒಳ್ಳೆಯ ಕಾಲು. ಅದರ ಬಗ್ಗೆ ಯಾರೂ ಯಾವತ್ತೂ ಪ್ರಶ್ನೆ ಕೇಳಿರಲಿಲ್ಲ.

"ಆಗಾಗ" ಎಂದಳು.

ಅವನು ರಬ್ಬರಿನ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟಿದ. ಪೋಲಿಯೋ ಬಂದ ಕಾಲಾದರೆ ಸುತ್ತಿಗೆಗೆ ಓಗೊಡದೆ ಸುಮ್ಮನಿರಬೇಕು. ಆ ಸೊರಗಿದ ಕಾಲು ನೆಗೆಯಿತು. ಇನ್ನೊಮ್ಮೆ ತಟ್ಟಿದ, ಇನ್ನೂ ಜೋರಾಗಿ ನೆಗೆಯಿತು. ಡಾಕ್ಟರಮ್ಮ ತಲೆಯೆತ್ತಿ ತನ್ನ ಕಾಲನ್ನು ಪರರ ಕಾಲಿನಂತೆ ನೋಡಿದಳು. ಓದಿದ್ದು ಐದೂವರೆ ವರ್ಷ. ಇದೇ ಸುತ್ತಿಗೆಯನ್ನು ಸಾವಿರ ಮಂದಿಯ ಮಂಡಿಗೆ ತಾಗಿಸಿದ್ದಳು. ತನ್ನ ಮಂಡಿಗೆ ಒಂದು ಸಲವೂ ಇಲ್ಲ. ಗುರುಗಳು ಮರ್ಯಾದೆಯಿಂದ ಮುಟ್ಟಲಿಲ್ಲ. ಗೆಳತಿಯರು ನೊಂದುಕೊಂಡಾಳೆಂದು ಮುಟ್ಟಲಿಲ್ಲ. ಅವಳೋ, ಗೊತ್ತಿರುವುದನ್ನು ನೋಡುವುದೇನೆಂದು ಮುಟ್ಟಲಿಲ್ಲ. ವೈದ್ಯರೇ ತುಂಬಿದ್ದ ಆ ಕಾಲೇಜಿನಲ್ಲಿ ಆ ಕಾಲನ್ನು ಯಾವ ವೈದ್ಯರೂ ನೋಡಿರಲಿಲ್ಲ.

"ಕಣ್ಣು ಮುಚ್ಕೊಳ್ಳಿ" ಎಂದ ಕನ್ನಡಕದವನು. "ಪಿನ್ನಿನಿಂದ ಮೆಲ್ಲಗೆ ಚುಚ್ತೀನಿ, ಹೆದರ್ಬೇಡಿ. ನರ ಅನ್ನೋದು ಕರೆಂಟಿನ ವೈರಿದ್ದ ಹಾಗೆ. ಎಲ್ಲಿ ಕಟ್ಟಾಗಿದೆ ಅಂತ ನೋಡೋದು. ಚುಚ್ಚಿದಾಗಲೆಲ್ಲಾ 'ಹ್ಞೂಂ' ಅನ್ನಿ. ಮೊದಲು ಒಳ್ಳೆ ಕಾಲು."

ಡಾಕ್ಟರಮ್ಮನಿಗೆ ಒಳಗೊಳಗೇ ನಗು. ಈ ಕರೆಂಟಿನ ಉಪಮಾನವನ್ನು ಅವಳೂ ಎಷ್ಟೋ ರೋಗಿಗಳಿಗೆ ಹೇಳಿದ್ದಳು. ಕಣ್ಣು ಮುಚ್ಚಿದಳು. ತೊಡೆಯ ಮೇಲೆ ಚುಚ್ಚಿದ; "ಹ್ಞೂಂ." ಮಂಡಿ, "ಹ್ಞೂಂ." ಮೀನಖಂಡ, "ಹ್ಞೂಂ." ಆಮೇಲೆ ಅವನು ನಿಲ್ಲಿಸಿದ. ಬರೆದುಕೊಳ್ಳುತ್ತಿರಬೇಕೆಂದು ಸುಮ್ಮನಿದ್ದಳು. ಫ್ಯಾನಿನ ಸದ್ದು ಕೇಳುತ್ತಿತ್ತು. ಪಕ್ಕದ ಪರದೆಯಲ್ಲಿ ಯಾರೋ ಕೆಮ್ಮಿದರು. ಬಹಳ ಹೊತ್ತಾಯಿತು.

"ಪಾದಕ್ಕೆ ಶುರು ಮಾಡಿ, ಪರವಾಗಿಲ್ಲ" ಎಂದಳು.

ಕಣ್ಣು ತೆರೆದಳು. ಕನ್ನಡಕದವನ ಮುಖ ಬಿಳಿಚಿಕೊಂಡಿತ್ತು. ಪಿನ್ನು ಅವಳ ಅಂಗಾಲಿನ ಹೊರಅಂಚಿಗೆ ತಾಗಿಯೇ ಇತ್ತು. ಮಂಚದ ಆಚೆ ತಾಯಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ನಿಂತಿದ್ದಳು.

"ಮುಗೀತಮ್ಮಾ" ಎಂದ ಅವನು ಮೆಲ್ಲಗೆ.

ಒಂಬತ್ತು ಸಲ ಚುಚ್ಚಿದ್ದನೆಂದು ಹೆಚ್ಚಿನವರು ಹೇಳುತ್ತಾರೆ. ಹನ್ನೊಂದು ಎನ್ನುವವರೂ ಇದ್ದಾರೆ. ಎಷ್ಟಾದರೇನು, ಡಾಕ್ಟರಮ್ಮನ ಲೆಕ್ಕದಲ್ಲಿ ಅದು ಸೊನ್ನೆ. ಪೋಲಿಯೋ ಬಲವನ್ನು ಕಿತ್ತುಕೊಳ್ಳುತ್ತದೆ, ಸ್ಪರ್ಶವನ್ನು ಎಂದಿಗೂ ಮುಟ್ಟುವುದಿಲ್ಲ. ವೈದ್ಯಕೀಯ ಓದಿದ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವ ಮಾತು ಇದು. ಹಾಗಾದರೆ ಇದು ಪೋಲಿಯೋ ಅಲ್ಲ. ಅದು ಯಾವುದೇ ಇರಲಿ, ಒಳ್ಳೆಯ ಕಾಲಿಗೂ ಇಳಿದಿದೆ.

"ಮಗ್ಗುಲಾಗಿ, ಬೆನ್ನು ನೋಡ್ಬೇಕು" ಎಂದ ಅವನು. ಸೊಂಟದ ಮಟ್ಟದಲ್ಲಿ, ಬೆನ್ನಿನ ನಡುವೆ, ಹೆಬ್ಬೆರಳಗಲದ ಹಳೆಯ ಗಾಯದ ಕಲೆ. "ಇದೇನು?"

"ಕೂಸಿದ್ದಾಗ ಬಿಸಿನೀರು ಬಿದ್ದಿತ್ತಂತೆ" ಎಂದಳು ಡಾಕ್ಟರಮ್ಮ ಗೋಡೆಯತ್ತ ಮುಖ ಮಾಡಿ.

"ಸುಟ್ಟ ಕಲೆ ಹೀಗಿರಲ್ಲಮ್ಮಾ. ಇದಕ್ಕೆ ಹೊಲಿಗೆ ಹಾಕಿದ್ದಾರೆ. ಎರಡು ಕಡೆ ಚುಕ್ಕಿ ಇದೆ." ಅವನು ತಾಯಿಯತ್ತ ತಿರುಗಿದ. "ಅಮ್ಮಾ, ಹುಟ್ಟಿದಾಗ ಮಗೂಗೆ ಬೆನ್ನ ಮೇಲೆ ಗಂಟಿತ್ತಾ? ದಯವಿಟ್ಟು ನೆನಪು ಮಾಡ್ಕೊಳ್ಳಿ. ನನ್ನ ಜೀವನ್ಮರಣದ ಪ್ರಶ್ನೆ."

ಮಗಳು ಗೋಡೆಯನ್ನೇ ನೋಡುತ್ತ, "ಅಮ್ಮಾ?" ಎಂದಳು.

"ನಿಂಬೆಹಣ್ಣಿನಷ್ಟಿತ್ತು" ಎಂದಳು ತಾಯಿ. ದನಿ ಪಾತಾಳದಿಂದ ಬಂದಂತಿತ್ತು. "ಮೆತ್ತಗೆ. ನಿನ್ನ ಸೋದರತ್ತೆ ನೋಡಿ, ಹೆಣ್ಣುಮಗು, ನಾಲ್ಕು ಜನ ಆಡ್ಕೋತಾರೆ, ತೆಗೆಸ್ಬಿಡಿ ಅಂದ್ರು. ಒಬ್ಬ ಡಾಕ್ಟ್ರು ಮೇಲಿಂದು ತೆಗೆದ. ಒಳಗಡೆ ಬೇರು ಇದೆ, ವರ್ಷದೊಳಗೆ ದೊಡ್ಡ ಆಸ್ಪತ್ರೆಗೆ ಕರ್ಕೊಂಡೋಗಿ ಅಂದ. ನೀನು ಚೆನ್ನಾಗಿ ಅಂಬೆಗಾಲಿಟ್ಟೆ, ಓಡಾಡ್ದೆ. ಎಲ್ಲಿಯ ಬೇರು, ಎಲ್ಲಿಯ ಆಸ್ಪತ್ರೆ ಅಂತ ಬಿಟ್ವಿ. ನಾಲ್ಕಕ್ಕೆ ಬಿದ್ದಾಗ ಕಾಲು ಸಣ್ಣಗಾಗ್ತಾ ಬಂತು."

"ಜ್ವರ?"

"ಜ್ವರ ಎಲ್ಲಿತ್ತೇ? ಅದು ನಾವು ಹೇಳಿದ್ದು. ಜ್ವರ ಅಂದ್ರೆ ಯಾರ ತಪ್ಪೂ ಅಲ್ವಲ್ಲಾ. ಹೇಳ್ತಾ ಹೇಳ್ತಾ ನನಗೇ ಜ್ವರ ಬಂದಿತ್ತು ಅನ್ಸೋಕೆ ಶುರುವಾಯ್ತು. ಹಣೆ ಮುಟ್ಟಿ ನೋಡಿದ್ದು ಕೂಡ ನೆನಪಿದೆ, ಗೊತ್ತಾ?"

ಡಾಕ್ಟರಮ್ಮನಿಗೆ ಆ ಹೊತ್ತು ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಗೋಡೆಯ ಸುಣ್ಣದಲ್ಲಿ ಒಂದು ಬಿರುಕು ಕಾಣುತ್ತಿತ್ತು. ಅದು ಎಲ್ಲಿಂದ ಎಲ್ಲಿಯವರೆಗೆ ಹೋಗಿದೆಯೆಂದು ಕಣ್ಣಲ್ಲೇ ಹಿಂಬಾಲಿಸುತ್ತ ಇದ್ದಳು. ಹಿಂದೆ ಕನ್ನಡಕದವನು ಸರಸರನೆ ಬರೆಯುತ್ತಿದ್ದ.

ಗಂಟೆ ಹೊಡೆಯಿತು. ಪರದೆ ಸರಿಯಿತು. ಹಿರಿಯ ಪರೀಕ್ಷಕಿ ಒಳಗೆ ಬಂದರು. ಅವರ ಕೈಯಲ್ಲಿ ರೋಗಿಗಳ ಪಟ್ಟಿ. ಕನ್ನಡಕದವನು ಸೆಟೆದು ನಿಂತು ಆರಂಭಿಸಿದ: "ಇಪ್ಪತ್ತಾರು ವರ್ಷದ ಮಹಿಳೆ, ಆಸ್ಪತ್ರೆಯ ನೌಕರಿ—"

"ಏನಂದೆ?" ಪರೀಕ್ಷಕಿ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದರು. "ಏಳನೇ ಮಂಚ. ಅರವತ್ತೆರಡು ವರ್ಷದ ಟೈಲರ್, ಬಲಭಾಗ ಲಕ್ವ. ಒಂದು ಗಂಟೇಲಿ ಮುದುಕನ್ನ ಹುಡುಗಿ ಮಾಡಿದ್ದೀಯಲ್ಲಯ್ಯಾ! ಇಂಥ ಔಷಧಿ ಇದ್ರೆ ನನಗೂ ಒಂದು ಡೋಸ್ ಕೊಡು."

ಡಾಕ್ಟರಮ್ಮ ಎದ್ದು ಕೂತಳು. "ಇದು ಅರ್ಹತಾ ಮಂಡಳಿ ಅಲ್ವಾ, ಮೇಡಂ? ನಾನು ಡಾಕ್ಟರು. ಶಸ್ತ್ರಚಿಕಿತ್ಸೆ ಸೀಟಿಗೆ ಬಂದಿದ್ದೀನಿ."

ಕನ್ನಡಕದವನ ಕೈಯಿಂದ ಸುತ್ತಿಗೆ ಬಿತ್ತು. "ಡಾಕ್ಟರಾ?" ಎಂದ. "ನಿಮಗೆ ನಾನು ಕರೆಂಟು, ವೈರು ಅಂತೆಲ್ಲಾ…" ಜಾರಿದ ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡ.

ಅಷ್ಟರಲ್ಲಿ ಮೀಸೆಯ ಅಟೆಂಡರ್ ಏದುಸಿರು ಬಿಡುತ್ತ ನಿಜವಾದ ಏಳನೆಯವನನ್ನು ಕರೆತಂದ. ಟೈಲರ್ ತಾತ ಕೋಲೂರಿಕೊಂಡು ಸಾವಧಾನವಾಗಿ ಬಂದ. ಮೂತ್ರಕ್ಕೆಂದು ಹೋಗಿದ್ದವನು ದಣಿದು ಮಂಡಳಿಯ ಬಾಗಿಲ ಬೆಂಚಿನ ಮೇಲೆ ಕೂತಿದ್ದನಂತೆ. ಏಳನೆಯವರು ಬನ್ನಿ ಎಂದಾಗ ಒಳಗೆ ಹೋದನಂತೆ. "ಕತ್ತರಿ ಹಿಡಿಯೋಕೆ ಬರುತ್ತಾ ಅಂತ ತಲೆ ಬಗ್ಗಿಸ್ಕೊಂಡೇ ಕೇಳಿದ್ರು ತಾಯಿ. ನಲವತ್ತು ವರ್ಷ ಕತ್ತರಿ ಹಿಡಿದೇ ಹೊಟ್ಟೆ ಹೊರೆದಿದ್ದೀನಿ ಅಂದೆ. ಆಮೇಲೆ ತಲೆ ಎತ್ತಿ ನೋಡಿ ಗಾಬರಿಯಾದ್ರು."

ವಾರ್ಡಿನಲ್ಲಿ ನಗೆಯೆದ್ದಿತು. ನಗದೆ ಉಳಿದವರು ತಾಯಿ, ಮಗಳು, ಕನ್ನಡಕದವನು ಮೂವರೇ. ಪರೀಕ್ಷಕಿ ಕನ್ನಡಕದವನ ಹಾಳೆಗಳನ್ನು ತೆಗೆದು ಓದಿದರು. ಓದುತ್ತ ಓದುತ್ತ ಅವರ ಮುಖದ ತಮಾಷೆ ಇಳಿಯಿತು. ಡಾಕ್ಟರಮ್ಮನ ಬೆನ್ನನ್ನು ಬೆರಳಿನಿಂದ ಒತ್ತಿ ನೋಡಿದರು.

"ಬೆನ್ನುಹುರಿಯ ತುದಿ ಒಳಗೆ ಅಂಟ್ಕೊಂಡಿದೆ" ಎಂದರು. "ನೀವು ಬೆಳೆದ ಹಾಗೆಲ್ಲಾ ಅದು ಎಳೀತಾ ಬಂದಿದೆ. ಇವನು ಬರೆದದ್ದು ಸರಿ. ಬಿಡಿಸಿದ್ರೆ ಉಳಿದದ್ದು ಉಳಿಯುತ್ತೆ, ಹೋದದ್ದು ಬರಲ್ಲ. ಬಿಟ್ರೆ ಬಲಗಾಲೂ ಹೋಗುತ್ತೆ." ದನಿ ತಗ್ಗಿಸಿ ಹೇಳಿದರು: "ನೀವು ನನ್ನ ರೋಗಿಯಲ್ಲ. ಈ ಹಾಳೆ ಪರೀಕ್ಷೆಗೂ ಸೇರಲ್ಲ. ಮಂಡಳಿಗೆ ನನ್ನ ಬಾಯಿಂದ ಒಂದು ಮಾತೂ ಹೋಗಲ್ಲ. ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು."

ಅಟೆಂಡರ್ ತನ್ನ ತಪ್ಪನ್ನು ತೊಳೆದುಕೊಳ್ಳುವವನಂತೆ ಮಂಚದಡಿಯಿಂದ ಶೂಗಳನ್ನು ಎಳೆದು ಅವಳ ಕಾಲ ಬಳಿ ಇಟ್ಟ. ಅವಳು ಗೌನ್ ಬಿಚ್ಚಿ, ಬಟ್ಟೆ ತೊಟ್ಟು, ಕ್ಯಾಲಿಪರ್ ಕಟ್ಟಿ, ಶೂಗಳನ್ನು ಯಾಂತ್ರಿಕವಾಗಿ ಹಾಕಿಕೊಂಡು, ಲೇಸು ಬಿಗಿದು, ತಾಯಿಯೊಂದಿಗೆ ಪಡಸಾಲೆಯ ಇನ್ನೊಂದು ತುದಿಗೆ ನಡೆದಳು.

ಮಂಡಳಿಯ ಅಧ್ಯಕ್ಷರು ನಿವೃತ್ತಿಯಂಚಿನ ಸರ್ಜನ್. ಅವಳ ಅಂಕಪಟ್ಟಿ ನೋಡಿದರು. ಹಿರಿಯ ಸರ್ಜನ್ ಬರೆದ ಪತ್ರ ಓದಿದರು. ಒಂದು ದಾರ ಕೊಟ್ಟು ಗಂಟು ಹಾಕಿಸಿದರು. ಅವಳ ಬೆರಳುಗಳು ಮನಸ್ಸಿಗೆ ಸಂಬಂಧವೇ ಇಲ್ಲದಂತೆ ಆ ಕೆಲಸ ಮುಗಿಸಿದವು.

"ಭೇಷ್" ಎಂದರು ಅಧ್ಯಕ್ಷರು. ಪೆನ್ನಿನ ಮುಚ್ಚಳ ತೆಗೆದರು. "ಮೂರನೇ ವಯಸ್ಸಿಗೆ ಜ್ವರ. ಆಮೇಲೆ ಸ್ಥಿರ. ಏನೂ ಬದಲಾವಣೆ ಇಲ್ಲ ತಾನೇ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಆ ಎರಡಕ್ಷರ ಅವಳ ನಾಲಿಗೆಯ ತುದಿಗೆ ಬಂದು ಕೂತಿತ್ತು ಕೂಡ. ಅವಳು ಬಾಯಿ ತೆರೆಯುವಷ್ಟರಲ್ಲಿ ತಾಯಿ ಮಾತಾಡಿದಳು.

"ಇಲ್ಲ ಸರ್. ಮೂರು ವರ್ಷ ತುಂಬಿತ್ತು. ಸಂಜೆ ಜ್ವರ ಬಂತು, ಹಣೆ ಕೆಂಡ. ಬೆಳಿಗ್ಗೆ ಎದ್ದು ನೋಡಿದ್ರೆ ಕಾಲು ಬಿದ್ದುಹೋಗಿತ್ತು. ಅವತ್ತು ಹೇಗಿತ್ತೋ ಇವತ್ತೂ ಹಾಗೇ ಇದೆ."

ಒಂದು ಪದವೂ ತೊದಲಲಿಲ್ಲ. ಕಣ್ಣೂ ಮಿಟುಕಲಿಲ್ಲ. ಅರ್ಧ ಗಂಟೆಯ ಹಿಂದೆ ನಿಜ ಒಪ್ಪಿಕೊಂಡಿದ್ದ ಅದೇ ಹೆಂಗಸು. ಪಿನ್ನು ಚುಚ್ಚಿದ್ದು ತಿಳಿಯದಾಗ ಆಗಿದ್ದಕ್ಕಿಂತ ದೊಡ್ಡ ಆಘಾತ ಡಾಕ್ಟರಮ್ಮನಿಗೆ ಈಗ ಆಯಿತು. ತಾಯಿ ತನಗೋಸ್ಕರವೇ, ತನ್ನ ಸೀಟಿಗೋಸ್ಕರವೇ ಹೇಳುತ್ತಿದ್ದಾಳೆ. ಇಷ್ಟು ವರ್ಷವೂ ಹೀಗೇ ಹೇಳಿರಬೇಕು. ಪ್ರತಿಸಲವೂ ಯಾರದೋ ಒಳ್ಳೆಯದಕ್ಕೇ.

ಪೆನ್ನು ಕಾಗದಕ್ಕೆ ತಾಗಿತು.

"ಅಮ್ಮ ಹೇಳಿದ್ದು ನಿಜ ಅಲ್ಲ ಸರ್" ಎಂದಳು ಡಾಕ್ಟರಮ್ಮ. "ಜ್ವರ ಬಂದಿರ್ಲಿಲ್ಲ. ಬೆನ್ನಲ್ಲಿ ಗಂಟಿತ್ತು. ಬಲಪಾದಕ್ಕೆ ಸ್ಪರ್ಶ ಇಲ್ಲ."

"ಇವಳಿಗೇನು ಗೊತ್ತು ಸರ್! ಹುಟ್ಟಿದಾಗ ನೋಡಿದ್ದು ನಾನಾ, ಇವಳಾ?"

ಅಧ್ಯಕ್ಷರು ಇಬ್ಬರ ಮುಖವನ್ನೂ ನೋಡಿ ಪೆನ್ನಿನ ಮುಚ್ಚಳ ಹಾಕಿದರು. "ಜ್ವರ ಆಗಿದ್ರೆ ಈಗಲೇ ಸಹಿ. ಗಂಟಾಗಿದ್ರೆ ಮೊದಲು ಬೆನ್ನಿನ ಆಪರೇಷನ್ನು; ಈ ವರ್ಷದ ಸೀಟು ಹೋಗುತ್ತೆ, ಮುಂದಿನ ವರ್ಷ ಪುನಃ ನನ್ನ ಮುಂದೆ ಬರ್ಬೇಕು. ಮಗಳೊಂದು ಹೇಳ್ತೀರಿ, ತಾಯಿಯೊಂದು ಹೇಳ್ತೀರಿ. ನಾನು ಯಾವುದನ್ನ ಬರೀಲಿ? ಹೋಗಿ, ಹೊರಗೆ ಕೂತು ಒಂದು ಮಾತಿಗೆ ಬನ್ನಿ. ಹತ್ತು ನಿಮಿಷ."

ಹೊರಗಿನ ಬೆಂಚಿನ ಮೇಲೆ ತಾಯಿ ಸಿಡಿದಳು. "ನಿನ್ನ ಬಾಯಿಗೇನು ಬಂದಿತ್ತೇ ರೋಗ? ಪೆನ್ನು ಕಾಗದದ ಮೇಲಿತ್ತು! ಸಹಿ ಆದ್ಮೇಲೆ ಯಾವ ಆಪರೇಷನ್ನು ಬೇಕಾದ್ರೂ ಮಾಡಿಸ್ಕೋಬಹುದಿತ್ತಲ್ಲ. ಎರಡು ವರ್ಷ ದಿಂಬು ಹರಿದೆಯಲ್ಲ, ಅದೆಲ್ಲಾ ನೀರಲ್ಲಿ ಹೋಮ."

"ಒಬ್ಬರ ಹೊಟ್ಟೆ ತೆರೆದಿಟ್ಟುಕೊಂಡು ನಿಂತಿರ್ತೀನಿ ಅಮ್ಮಾ. ಕೈಯಲ್ಲಿ ಚಾಕು ಇರುತ್ತೆ. ಕಾಲ ಕೆಳಗೆ ನೆಲ ಇದೆಯೋ ಇಲ್ವೋ ನನಗೇ ಗೊತ್ತಾಗಲ್ಲ. ಅವರ ಮೇಲೆ ಬಿದ್ರೆ ಅವರ ಮನೆಯವರಿಗೆ ಏನಂತ ಹೇಳ್ತೀಯಾ? ಜ್ವರ ಅಂತಲಾ?"

ತಾಯಿ ಉತ್ತರ ಕೊಡಲು ಬಾಯಿ ತೆರೆದಳು. ಆದರೆ ಅವಳ ಕಣ್ಣು ನೆಲದ ಮೇಲೆ ನಿಂತುಹೋಗಿತ್ತು. ಮಂಡಳಿಯ ಬಾಗಿಲಿನಿಂದ ಬೆಂಚಿನವರೆಗೆ, ಬಿಳಿಯ ನೆಲದ ಮೇಲೆ, ಹೆಜ್ಜೆಗೊಂದರಂತೆ ಕೆಂಪು ಕಲೆ. ಮಗಳ ಬಲಗಾಲಿನ ಶೂವಿನ ಹೊಲಿಗೆಯ ಬಳಿ ಕೆಂಪು ಒಸರುತ್ತಿತ್ತು.

ತಾಯಿ ನೆಲದ ಮೇಲೆ ಕುಕ್ಕರಿಸಿ ಲೇಸು ಕಿತ್ತು ಶೂ ಎಳೆದಳು. ಒಳಗಿಂದ ಠಣ್ಣೆಂದು ಬಿದ್ದದ್ದು ಇಂಜೆಕ್ಷನ್ ಸೀಸೆಗೆ ಬಿಗಿದಿರುವ ತಗಡಿನ ಬಿಲ್ಲೆ. ವಾರ್ಡಿನ ನೆಲದಲ್ಲಿ ಎಲ್ಲೆಂದರಲ್ಲಿ ಬಿದ್ದಿರುವಂಥದ್ದು. ಅಂಚು ಬ್ಲೇಡಿನಂತೆ ಹರಿತ. ಶೂಗಳನ್ನು ಮಂಚದಡಿಯಿಂದ ಎಳೆಯುವಾಗ ಒಳಗೆ ಸೇರಿರಬೇಕು. ಅಂಗಾಲು ಅರ್ಧಚಂದ್ರದ ಆಕಾರಕ್ಕೆ ಸೀಳಿತ್ತು. ಇಡೀ ಪಡಸಾಲೆಯನ್ನು ಆ ಬಿಲ್ಲೆಯ ಮೇಲೆ ನಡೆದು, ಮಂಡಳಿಯ ಮುಂದೆ ನಿಂತು, ಗಂಟು ಹಾಕಿ, ಭೇಷ್ ಅನ್ನಿಸಿಕೊಂಡು ಬಂದಿದ್ದಳು.

"ನೋವಾಗ್ಲಿಲ್ವೇನೇ?"

"ಇಲ್ಲ."

"ಸುಳ್ಳು ಹೇಳ್ಬೇಡ. ಸ್ವಲ್ಪಾನೂ?"

"ಇಲ್ಲಮ್ಮಾ."

ತಾಯಿ ಅವಳ ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಗಾಯವನ್ನು ಹೆಬ್ಬೆರಳಿನಿಂದ ಅದುಮಿದಳು. ಮೊದಲು ಮೆಲ್ಲಗೆ, ಆಮೇಲೆ ಬಲವಾಗಿ, ಆಮೇಲೆ ಹಲ್ಲು ಕಚ್ಚಿ. ಅದುಮುತ್ತ ಮಗಳ ಮುಖವನ್ನೇ ನೋಡುತ್ತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಸೆರಗಿನ ಅಂಚನ್ನು ಹರಿದು ಪಾದಕ್ಕೆ ಬಿಗಿದಳು. ಎದ್ದಳು. ಹತ್ತು ನಿಮಿಷ ಇನ್ನೂ ಆಗಿರಲಿಲ್ಲ. ಮಗಳನ್ನು ಬೆಂಚಿನ ಮೇಲೆ ಬಿಟ್ಟು, ಬಾಗಿಲು ತಟ್ಟದೆಯೇ ತಳ್ಳಿಕೊಂಡು ಮಂಡಳಿಯ ಕೋಣೆಗೆ ಹೋದಳು. ಅವಳ ಹಿಂದೆ ಬಾಗಿಲು ತೆರೆದೇ ಉಳಿಯಿತು. ಅವಳ ದನಿ ಪಡಸಾಲೆಯ ತುದಿಯವರೆಗೂ ಕೇಳಿಸಿತು.

"ಬರ್ಕೊಳ್ಳಿ ಸರ್. ಗಂಟಿತ್ತು. ನಿಂಬೆಹಣ್ಣಿನಷ್ಟು. ಹುಟ್ಟಿದ ಇಪ್ಪತ್ತನೇ ದಿನ ತೆಗೆಸಿದ್ವಿ. ಒಳಗೆ ಬೇರಿದೆ ಅಂತ ಡಾಕ್ಟ್ರು ಹೇಳಿದ್ರು, ನಾವು ಹೋಗ್ಲಿಲ್ಲ. ಅದನ್ನೂ ಬರೀರಿ. ನಾವು ಹೋಗ್ಲಿಲ್ಲ ಅಂತ ಬರೀರಿ."